ಶನಿವಾರ ಬೆಳಿಗ್ಗೆ ನರಿಯ ಮುಖ

(ಸಂಗೀತಾಸಕ್ತರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತುಗಳನ್ನು ಬರಹಕ್ಕೆ ಇಳಿಸಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲಿಯೇ ಉಳಿಸಿಕೊಂಡಿದ್ದೇನೆ.)

ಬೆಳಿಗ್ಗೆ ಎದ್ದು ನರಿಯ ಮುಖ ನೋಡಿದರೆ ಅದೃಷ್ಟ ಕುದುರುತ್ತದೆ ಎಂದು ನಮ್ಮಲ್ಲಿ ಹೇಳುತ್ತಾರೆ. ಯಾರಿಗಾದರೂ ನೆನೆಸದ ಲಾಭವಾದರೆ ‘ಇವತ್ತು ನರಿ ಮುಖ ನೋಡಿ ಎದ್ದೆಯಾ’ ಎಂದು ಕೇಳುವುದುಂಟು. 1983ರ ಏಪ್ರಿಲ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಸ್ಪೇನ್ ದೇಶದ ಮನೆಮನೆಯ ಟಿವಿಯಲ್ಲಿ ನಾಲ್ಕು ನರಿಗಳು ಕಾಣಿಸಿಕೊಂಡವು. ಅದೃಷ್ಟ ಯಾರಿಗೂ ಕುದುರಲಿಲ್ಲ. ಕಾರ್ಯಕ್ರಮ ನಿಂತುಹೋಯಿತು, ಅದನ್ನು ನಡೆಸುತ್ತಿದ್ದವರು ಹುದ್ದೆ ಬಿಟ್ಟರು, ಮೊಕದ್ದಮೆ ಬಿತ್ತು, ಆ ನಾಲ್ವರ ತಂಡ ಅದೇ ವರ್ಷ ಚದುರಿತು. ಲಾಭವೆಂದು ಯಾರಿಗಾದರೂ ಆಗಿದ್ದರೆ ಅದು ಒಂದು ದಿನಪತ್ರಿಕೆಗೆ. ಆ ಕಥೆ ಆಮೇಲೆ ಹೇಳುತ್ತೇನೆ.

ತಂಡದ ಹೆಸರು ಲಾಸ್ ವುಲ್ಪೆಸ್. ‘ವುಲ್ಪೆಸ್’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ನರಿ. ಪ್ರಾಣಿಶಾಸ್ತ್ರದ ಪುಸ್ತಕ ತೆರೆದರೆ ಇವತ್ತಿಗೂ ಆ ಹೆಸರು ಸಿಗುತ್ತದೆ. ಗಿಟಾರಿಗೆ ಲೋಲೆಸ್ ವಾಸ್ಕೆಸ್, ಡ್ರಮ್ಮಿಗೆ ಅವಳ ಸಹೋದರಿ ಲೂಪೆ, ಬೇಸ್ ಗಿಟಾರಿಗೆ ಬೆಗೋನ್ಯಾ ಅಸ್ತಿಗರ್ರಾಗಾ, ಹಾಡುವುದಕ್ಕೆ ಮಾಮೆನ್ ರೊದ್ರಿಗೊ. ನಾಲ್ವರೂ ಇಪ್ಪತ್ತರ ಆಸುಪಾಸಿನ ಹುಡುಗಿಯರು, ಉತ್ತರ ಸ್ಪೇನಿನ ಬಾಸ್ಕ್ ಪ್ರದೇಶದ ಬಿಲ್ಬಾವೊ ಕಡೆಯವರು. 1982ರಲ್ಲಿ ತಂಡ ಕಟ್ಟಿದರು. ನ್ಯೂಯಾರ್ಕಿನ ರಮೋನ್ಸ್ ತಂಡದವರು ಒಬ್ಬರಿಗೊಬ್ಬರು ಸಂಬಂಧವಿಲ್ಲದಿದ್ದರೂ ಎಲ್ಲರೂ ‘ರಮೋನ್’ ಎಂಬ ಒಂದೇ ಮನೆತನದ ಹೆಸರು ಇಟ್ಟುಕೊಂಡಿದ್ದರಲ್ಲ, ಇವರೂ ಹಾಗೆಯೇ ಎಲ್ಲರೂ ‘ಥೋರ್ರಿತಾ’ ಆದರು. ಅಂದರೆ ಮರಿನರಿ. ಪದದ ಇನ್ನೊಂದು ಅರ್ಥವೇ ಇಂದಿನ ಮಾತಿನ ವಸ್ತು.

ಇಂದಿನ ವಿಷಯ ಸ್ಪೇನಿನ ಆರಂಭದ ಹಾರ್ಡ್‌ಕೋರ್ ಪಂಕ್ ಎಂದು ಆಹ್ವಾನ ಪತ್ರಿಕೆಯಲ್ಲಿದೆ. ಪಂಕ್ ಎಂದರೆ ನಯನಾಜೂಕು ಬಿಟ್ಟ ಸಿಟ್ಟಿನ ರಾಕ್ ಸಂಗೀತ, ಹಾರ್ಡ್‌ಕೋರ್ ಅದರ ಇನ್ನೂ ಬಿರುಸಿನ ಕವಲು. ಹಣೆಪಟ್ಟಿಯ ವಿಷಯದಲ್ಲಿ ಕಟ್ಟುನಿಟ್ಟಾಗಿರುವವರು ಇಲ್ಲಿದ್ದರೆ ಕ್ಷಮಿಸಬೇಕು. ಹಾರ್ಡ್‌ಕೋರ್ ಎಂದು ಗೆರೆ ಎಳೆದು ಹೇಳುವಂಥ ವೇಗದ, ಒರಟು ಸಂಗೀತ ಬೇಕಿದ್ದರೆ ಅದೇ ವರ್ಷಗಳ ಬಾರ್ಸಿಲೋನಾಕ್ಕೆ ಹೋಗಬೇಕು. ಅಲ್ಲಿ ಉಲ್ತಿಮೊ ರೆಸೋರ್ತೆ ಇತ್ತು, ಕಾಂಗ್ರೆನಾ ಇತ್ತು. ಉಲ್ತಿಮೊ ರೆಸೋರ್ತೆಯಲ್ಲಿಯೂ ಹಾಡುತ್ತಿದ್ದವಳು ಹೆಣ್ಣುಮಗಳೇ. ಆದರೆ ಅಲ್ಪಾಯುಷಿ ತಂಡಗಳ ಪೈಕಿ ಒಂದು ದೇಶವನ್ನು ಒಂದೇ ಹಾಡಿನಿಂದ ನಡುಗಿಸಿದ್ದು ವುಲ್ಪೆಸ್. ಆದ್ದರಿಂದ ನಾನು ವಿಷಯದ ಪಕ್ಕದ ಮನೆಗೆ ನುಗ್ಗಿದ್ದೇನೆ.

ಮೊದಲು ಊರು. ಬಿಲ್ಬಾವೊ ಎಂದರೆ ಈಗ ಎಲ್ಲರಿಗೂ ಟೈಟಾನಿಯಂ ತಗಡು ಹೊದ್ದು ಮಿರುಗುವ ವಸ್ತುಸಂಗ್ರಹಾಲಯ ನೆನಪಾಗುತ್ತದೆ. ಅದು ತೆರೆದದ್ದು 1997ರಲ್ಲಿ. ಎಂಬತ್ತರ ದಶಕದ ಬಿಲ್ಬಾವೊ ಬೇರೆ. ನೆರ್ವಿಯೊನ್ ನದಿ ಸಮುದ್ರಕ್ಕೆ ಸೇರುವ ದಾರಿಯುದ್ದಕ್ಕೂ ಉಕ್ಕಿನ ಕಾರ್ಖಾನೆ, ಹಡಗು ಕಟ್ಟೆ, ಕಬ್ಬಿಣದ ಅದಿರು. ಎಡದಂಡೆಯ ಬರಕಾಲ್ದೊ, ಸೆಸ್ತಾವೊ, ಸಾಂತುರ್ಚಿ ಎಲ್ಲವೂ ಕಾರ್ಮಿಕರ ಊರುಗಳು. ಆಗ ಒಂದೊಂದಾಗಿ ಕುಲುಮೆಗಳ ಬೆಂಕಿ ಆರತೊಡಗಿತ್ತು. ಸರ್ಕಾರ ಅದಕ್ಕೆ ‘ಕೈಗಾರಿಕಾ ಪುನರ್ರಚನೆ’ ಎಂದು ಹೆಸರಿಟ್ಟಿತ್ತು. ಕಾರ್ಖಾನೆ ಮುಚ್ಚುವಾಗಲೆಲ್ಲ ಇಂಥದೊಂದು ನಾಜೂಕಿನ ಪದ ಎಲ್ಲಿಂದಲೋ ಬಂದು ಕೂರುತ್ತದೆ. ಅಪ್ಪಂದಿರ ಕೆಲಸ ಹೋಗುತ್ತಿತ್ತು, ಮಕ್ಕಳಿಗೆ ಕೆಲಸ ಹುಟ್ಟುವ ಮಾತೇ ಇರಲಿಲ್ಲ. ಬೀದಿಗೆ ಹೆರಾಯಿನ್ ಬಂದಿತ್ತು. ಮೇಲೆ ಬಾಸ್ಕ್ ಪ್ರತ್ಯೇಕತೆಗಾಗಿ ಶಸ್ತ್ರ ಹಿಡಿದಿದ್ದ ಇಟಿಎ ಸಂಘಟನೆಯ ಬಾಂಬು, ಗುಂಡು, ಪೊಲೀಸರ ಲಾಠಿ. ಪಂಕ್ ಸಂಗೀತ ಮೊಳೆಯುವುದಕ್ಕೆ ಇದಕ್ಕಿಂತ ಹದವಾದ ಮಣ್ಣು ಬೇಕಿಲ್ಲ. ಪಕ್ಕದ ಸಾಂತುರ್ಚಿಯಲ್ಲಿ ಹುಟ್ಟಿದ ಇನ್ನೊಂದು ತಂಡದ ಹೆಸರೇ ಎಸ್ಕೊರ್ಬುತೊ. ಹಡಗಿನವರಿಗೆ ಹಣ್ಣು ತರಕಾರಿ ಸಿಗದೆ ಒಸಡು ಕೊಳೆಯುವ ರೋಗದ ಹೆಸರು ಅದು. ಆ ಹುಡುಗರು 1983ರಲ್ಲಿಯೇ ಮ್ಯಾಡ್ರಿಡ್‌ಗೆ ಹೋಗಿದ್ದಾಗ ಅವರ ಬಳಿಯಿದ್ದ ಕ್ಯಾಸೆಟ್ಟಿನ ಹಾಡುಗಳಿಗಾಗಿ ಭಯೋತ್ಪಾದನಾ ತಡೆ ಕಾನೂನಿನಡಿ ಪೊಲೀಸರು ಅವರನ್ನು ಹಿಡಿದರು.

ಇನ್ನು ಕಾಲ. ಸ್ಪೇನನ್ನು ದಶಕಗಳ ಕಾಲ ಆಳಿದ ಸರ್ವಾಧಿಕಾರಿ ಫ್ರಾಂಕೊ ಸತ್ತದ್ದು 1975ರ ನವೆಂಬರ್ 20ರಂದು. ಅದೇ ವರ್ಷದವರೆಗೂ ಸ್ಪೇನಿನ ಮದುವೆಯಾದ ಹೆಂಗಸು ಗಂಡನ ಅನುಮತಿಯಿಲ್ಲದೆ ಕರಾರಿಗೆ ಸಹಿ ಹಾಕುವಂತಿರಲಿಲ್ಲ. ಗರ್ಭನಿರೋಧಕ ಮಾರಾಟ ಅಪರಾಧವಲ್ಲವೆಂದು ಆದದ್ದು 1978ರಲ್ಲಿ. ವ್ಯಭಿಚಾರ ಅಪರಾಧಗಳ ಪಟ್ಟಿಯಿಂದ ಹೊರಬಂದದ್ದೂ ಅದೇ ವರ್ಷ. ವಿಚ್ಛೇದನ ಕಾನೂನು 1981ರಲ್ಲಿ. ಬಿಲ್ಬಾವೊ ಪಕ್ಕದ ಬಸೌರಿ ಎಂಬ ಕಾರ್ಮಿಕರ ಊರಿನ ಹನ್ನೊಂದು ಜನರ ಮೇಲೆ ಗರ್ಭಪಾತದ ಆರೋಪ ಹೊರಿಸಿದ ಮೊಕದ್ದಮೆ 1982ರ ಮಾರ್ಚ್‌ನಲ್ಲಿ ವಿಚಾರಣೆಗೆ ಬಂತು. ಅದೇ ಊರಿನ ಸುತ್ತಮುತ್ತ, ಅದೇ ವರ್ಷ, ನಮ್ಮ ನಾಲ್ಕು ಹುಡುಗಿಯರು ಗಿಟಾರಿಗೆ ತಂತಿ ಬಿಗಿಯುತ್ತಿದ್ದರು.

ಇದೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಇನ್ನೊಂದಿದೆ. ಫ್ರಾಂಕೊ ಕಾಲದಲ್ಲಿ, 1941ರಲ್ಲಿ, ‘ಸ್ತ್ರೀ ರಕ್ಷಣಾ ಮಂಡಳಿ’ ಎಂಬ ಒಂದು ಸರ್ಕಾರಿ ಸಂಸ್ಥೆ ಹುಟ್ಟಿತು. ‘ಬಿದ್ದ’ ಹುಡುಗಿಯರನ್ನೂ ‘ಬೀಳುವ ಅಪಾಯದಲ್ಲಿರುವ’ ಹುಡುಗಿಯರನ್ನೂ ಸನ್ಯಾಸಿನಿಯರು ನಡೆಸುವ ಮನೆಗಳಲ್ಲಿ ಕೂಡಿಹಾಕುವುದು ಅದರ ಕೆಲಸ. ಯಾರು ಬಿದ್ದವಳು, ಯಾರು ಬೀಳುವವಳು ಎಂದು ತೀರ್ಮಾನಿಸುವವರು ಅವರೇ. ಅಪ್ಪ ದೂರು ಕೊಟ್ಟರೂ ಸಾಕು, ನೆರೆಯವರು ಬೆರಳು ತೋರಿಸಿದರೂ ಸಾಕು. ಫ್ರಾಂಕೊ ಸತ್ತರೂ ಈ ಮಂಡಳಿ ಸಾಯಲಿಲ್ಲ. ಅದು ಪೂರ್ತಿ ಮುಚ್ಚಿದ್ದು 1985ರಲ್ಲಿ. ವುಲ್ಪೆಸ್ ಟಿವಿಯಲ್ಲಿ ಹಾಡಿದಾಗ ಹುಡುಗಿಯರಿಗೆ ‘ಅಂಥವಳು’ ಎಂದು ಮುದ್ರೆ ಒತ್ತುವ ಕಚೇರಿ ಇನ್ನೂ ತೆರೆದೇ ಇತ್ತು.

ಈಗ ಹಾಡಿಗೆ ಬರೋಣ. ಇದು ಅವರ ಸ್ವಂತ ಮಟ್ಟಲ್ಲ. ಅಮೆರಿಕದ ಸ್ಟೂಜಸ್ ತಂಡ 1969ರಲ್ಲಿ ಹೊರತಂದ ‘ಐ ವಾನಾ ಬಿ ಯುವರ್ ಡಾಗ್’ ಎಂಬ ಹಾಡಿನ ಮೇಲೆ ಇವರು ತಮ್ಮ ಸಾಲು ಕೂರಿಸಿದರು. ಮೂಲದಲ್ಲಿ ಇಗ್ಗಿ ಪಾಪ್ ಹಾಡುತ್ತಾನೆ. ಗಿಟಾರ್ ಮೂರು ಮೆಟ್ಟಿಲು ಇಳಿಯುತ್ತದೆ, ಜಿ, ಎಫ್ ಶಾರ್ಪ್, ಇ. ಮತ್ತೆ ಮೇಲೆ ಹೋಗಿ ಮತ್ತೆ ಅದೇ ಮೂರು ಮೆಟ್ಟಿಲು. ಹಿಂದುಗಡೆ ಪಿಯಾನೋದ ಒಂದೇ ಒಂದು ಸ್ವರವನ್ನು ಯಾರೋ ಮೊಳೆ ಹೊಡೆದಂತೆ ಕುಟ್ಟುತ್ತಲೇ ಇರುತ್ತಾರೆ, ಜೊತೆಗೆ ಜಾರುಬಂಡಿಯ ಕುದುರೆಗೆ ಕಟ್ಟುವ ಗೆಜ್ಜೆಯ ಕಿಣಿಕಿಣಿ. ಆ ಗೆಜ್ಜೆ ಅಲ್ಲಿ ಏನು ಮಾಡುತ್ತಿದೆ ಎಂದು ಮೊದಲ ಸಲ ಕೇಳಿದವರಿಗೆ ಗೊತ್ತಾಗುವುದಿಲ್ಲ, ಆದರೆ ತೆಗೆದರೆ ಹಾಡು ಬಿದ್ದುಹೋಗುತ್ತದೆ. ಮಾತು ಇಷ್ಟೇ: ನಾನು ನಿನ್ನ ನಾಯಿಯಾಗಬೇಕು.

ಗಂಡಸು ನಾಯಿಯಾಗುತ್ತೇನೆ ಎಂದ. ಅದು ದೊಡ್ಡ ರಾಕ್ ಹಾಡು ಎನಿಸಿಕೊಂಡಿತು, ಇವತ್ತಿಗೂ ಹಾಗೆಯೇ ಇದೆ. ಬಿಲ್ಬಾವೊ ಹುಡುಗಿಯರು ಅದೇ ಮೂರು ಮೆಟ್ಟಿಲ ಮೇಲೆ ನಿಂತು ‘ಮೆ ಗುಸ್ತಾ ಸೆರ್ ಉನಾ ಥೋರ್ರಾ’ ಎಂದರು. ನರಿಯಾಗಿರುವುದು ನನಗೆ ಇಷ್ಟ. ನಾಯಿಯೂ ನರಿಯೂ ಒಂದೇ ಕುಲದ ಪ್ರಾಣಿಗಳು. ನಾಯಿ ಮನೆ ಬಾಗಿಲಲ್ಲಿ ಕೂರುತ್ತದೆ, ಕೊರಳಿಗೆ ಪಟ್ಟಿ ಕಟ್ಟಿಸಿಕೊಳ್ಳುತ್ತದೆ. ನರಿ ಊರ ಹೊರಗಿನದು, ಕೋಳಿ ಗೂಡಿಗೆ ಮಾತ್ರ ಬಂದು ಹೋಗುತ್ತದೆ. ಇದನ್ನು ಅವರು ಲೆಕ್ಕ ಹಾಕಿ ಮಾಡಿದರೋ, ಬಾಯಿಗೆ ಬಂದದ್ದು ಹಾಡಿದರೋ, ಕೆಲಸವಂತೂ ಅಚ್ಚುಕಟ್ಟು. ಉಳಿದ ಸಾಲುಗಳನ್ನು ನಾನು ಇಲ್ಲಿ ಅನುವಾದಿಸುವುದಿಲ್ಲ. ಸಾರಾಂಶವೆಂದರೆ, ನಾಳೆಯ ಮಾತಾಡುವ ಗಂಡಿನ ಪಕ್ಕ ಮಲಗುವುದಕ್ಕಿಂತ ಒಬ್ಬಳೇ ಮಲಗಿ ನನ್ನ ಸುಖ ನಾನೇ ನೋಡಿಕೊಳ್ಳುತ್ತೇನೆ ಎಂಬ ಘೋಷಣೆ.

ಇಲ್ಲಿ ಒಬ್ಬ ಕೇಳುಗರು ಕೈ ಎತ್ತಿದರು. ‘ನರಿ ಎಂದರೆ ಅದರಲ್ಲಿ ಬೈಗುಳ ಎಲ್ಲಿದೆ? ನಾವು ಹೆಚ್ಚೆಂದರೆ ನರಿಬುದ್ಧಿ ಎನ್ನುತ್ತೇವೆ’ ಎಂದರು. ಸರಿಯಾದ ಪ್ರಶ್ನೆ. ಸ್ಪ್ಯಾನಿಷ್‌ನಲ್ಲಿ ‘ಥೋರ್ರೊ’ ಎಂದರೆ ಗಂಡು ನರಿ. ಗಂಡಸಿಗೆ ಹಾಗೆಂದರೆ ಚತುರ, ಪಳಗಿದವನು. ಕರಿ ಮುಖವಾಡ ತೊಟ್ಟು ಕತ್ತಿ ಬೀಸುವ ಸಿನಿಮಾ ನಾಯಕ ಜೋರೋ ನಿಮಗೆ ಗೊತ್ತಲ್ಲ, ಆತ ಅದೇ ನರಿ. ಕೊನೆಯ ಅಕ್ಷರದ ಸ್ವರ ಬದಲಾಯಿಸಿ ‘ಥೋರ್ರಾ’ ಮಾಡಿ ಹೆಂಗಸಿಗೆ ಅನ್ವಯಿಸಿದರೆ ಸೂಳೆ. ಇಷ್ಟೇ ಅಲ್ಲ, ‘ಹೊಂಬ್ರೆ ಪುಬ್ಲಿಕೊ’ ಎಂದರೆ ಸಾರ್ವಜನಿಕ ಜೀವನದಲ್ಲಿರುವ ಗಣ್ಯ ಪುರುಷ, ‘ಮುಹೆರ್ ಪುಬ್ಲಿಕಾ’ ಎಂದರೆ ಮತ್ತೆ ಅದೇ. ವ್ಯಾಕರಣ ಲಿಂಗ ಬದಲಿಸುವಷ್ಟರಲ್ಲಿ ಮರ್ಯಾದೆ ಹೋಗಿರುತ್ತದೆ. ನಾವು ನಗುವಂತಿಲ್ಲ. ಗಂಡುಬೀರಿ, ಬಜಾರಿ ಎಂಬ ಪದಗಳಿಗೆ ಪುಲ್ಲಿಂಗ ಹುಡುಕಿ ನೋಡಿ.

ಅನುವಾದಕ್ಕೆ ನಾನು ಒದ್ದಾಡಿದಾಗ ನೆನಪಾದವಳು ಹನ್ನೆರಡನೆಯ ಶತಮಾನದ ಸೂಳೆ ಸಂಕವ್ವೆ. ಆ ಪದ ಅವಳ ಹೆಸರಿನ ಭಾಗವಾಗಿಯೇ ನಮಗೆ ಉಳಿದು ಬಂದಿದೆ, ಅವಳ ವಚನದ ಅಂಕಿತ ನಿರ್ಲಜ್ಜೇಶ್ವರ. ಭಕ್ತಿಗೂ ಪಂಕಿಗೂ ಗಂಟು ಹಾಕುವ ಚಪಲ ನನಗಿಲ್ಲ. ಆದರೆ ಹೆಣ್ಣೊಬ್ಬಳು ಆ ಪದವನ್ನು ತಾನೇ ಎತ್ತಿಕೊಂಡರೆ ಕನ್ನಡದಲ್ಲಿ ಹೇಗೆ ಕೇಳಿಸುತ್ತದೆ ಎಂದು ತಿಳಿಯಬೇಕಿದ್ದರೆ ಕಿವಿ ಕೊಡಬೇಕಾದ ಜಾಗ ಅದು.

ಮತ್ತೆ ಸ್ಪೇನಿಗೆ. 1982ರ ಅಕ್ಟೋಬರಿನ ಚುನಾವಣೆಯಲ್ಲಿ ಸಮಾಜವಾದಿ ಪಕ್ಷ 202 ಸ್ಥಾನ ಗೆದ್ದು ಫೆಲಿಪೆ ಗೊನ್ಸಾಲೆಸ್ ಪ್ರಧಾನಿಯಾಗಿದ್ದರು. ಇಡೀ ದೇಶಕ್ಕೆ ಇದ್ದದ್ದು ಸರ್ಕಾರಿ ದೂರದರ್ಶನದ ಎರಡೇ ಚಾನೆಲ್. ಬಾಸ್ಕ್ ಪ್ರದೇಶಕ್ಕೆ ಮಾತ್ರ ಆ ವರ್ಷದ ಕೊನೆಯ ರಾತ್ರಿ ಒಂದು ಪ್ರಾದೇಶಿಕ ಚಾನೆಲ್ ಬಂದಿತ್ತು. ನಮ್ಮಲ್ಲಿಯೂ ದೂರದರ್ಶನವೊಂದೇ ಇದ್ದ ಕಾಲವನ್ನು ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಟಿವಿಯಲ್ಲಿ ಏನು ಬಂದರೂ ಅದನ್ನು ಎಲ್ಲರೂ ನೋಡುತ್ತಿದ್ದರು, ಬೇರೆ ನೋಡುವುದಕ್ಕೆ ಇರಲಿಲ್ಲ. ಹೊಸ ಸರ್ಕಾರದ ಟಿವಿ ಹೊಸ ಸಂಗೀತಕ್ಕೂ ಜಾಗ ಕೊಡಬೇಕೆಂದು ಶನಿವಾರ ಬೆಳಿಗ್ಗೆ ‘ಕಾಹಾ ದೆ ರಿತ್ಮೊಸ್’ ಎಂಬ ಕಾರ್ಯಕ್ರಮ ಶುರುವಾಯಿತು. ಲಯದ ಪೆಟ್ಟಿಗೆ ಎಂದರ್ಥ, ವಿದ್ಯುತ್ ತಾಳಯಂತ್ರಕ್ಕೆ ಅಲ್ಲಿ ಹಾಗೆನ್ನುತ್ತಾರೆ. ನಡೆಸುತ್ತಿದ್ದವರು ಕಾರ್ಲೊಸ್ ತೇನಾ, ಸಂಗೀತ ಪತ್ರಕರ್ತರು. ಶನಿವಾರ ಬೆಳಿಗ್ಗೆ ಎಂದರೆ ಮಕ್ಕಳು ಟಿವಿ ಮುಂದೆ ಕೂರುವ ಹೊತ್ತು. ಆ ಹೊತ್ತಿಗೆ ವುಲ್ಪೆಸ್ ಬಂದರು, ಹಾಡಿದರು, ಹೋದರು.

ಆಮೇಲೆ ಆಗಬೇಕಾದದ್ದು ಆಗಲಿಲ್ಲ, ಆಗಬಾರದ್ದು ಆಯಿತು. ಎಬಿಸಿ ಎಂಬುದು ಮ್ಯಾಡ್ರಿಡ್‌ನ ಹಳೆಯ ಪತ್ರಿಕೆ, ರಾಜಭಕ್ತ, ಸಂಪ್ರದಾಯನಿಷ್ಠ. ಈ ಹಾಡಿನ ಅಸಭ್ಯತೆಯನ್ನು ಓದುಗರಿಗೆ ಮನದಟ್ಟು ಮಾಡಿಸಬೇಕಲ್ಲ, ಅದಕ್ಕಾಗಿ ಹಾಡಿನ ಸಾಹಿತ್ಯವನ್ನೇ ಅಚ್ಚು ಹಾಕಿತು. ಗಿಟಾರಿನ ಗದ್ದಲದಲ್ಲಿ ಅರ್ಧಂಬರ್ಧ ಕೇಳಿಸಿದ್ದ ಮಾತುಗಳು ಈಗ ಕಾಗದದ ಮೇಲೆ, ನಿಧಾನವಾಗಿ ಎರಡೆರಡು ಸಲ ಓದಿಕೊಳ್ಳುವಂತೆ, ದೇಶದ ಗೌರವಸ್ಥರ ಕಾಫಿ ಮೇಜಿಗೆ ಬಂದವು. ಮಕ್ಕಳ ಕಿವಿಗೆ ಬೀಳಬಾರದು ಎಂದು ಅಷ್ಟು ಕಾಳಜಿ ಇದ್ದವರಿಗೆ ಅಪ್ಪ ಓದಿ ಮಡಿಸಿಟ್ಟ ಪತ್ರಿಕೆಯನ್ನು ಮಕ್ಕಳೂ ತೆರೆಯುತ್ತಾರೆ ಎಂಬುದು ಹೊಳೆಯಲಿಲ್ಲವೇ?

ಹೊಳೆದಿತ್ತು ಎಂದೇ ನನ್ನ ಅನುಮಾನ. ಏಕೆಂದರೆ ಅವರ ಕೋಪ ಆ ಪದದ ಮೇಲಲ್ಲ. ಪದ ಎಲ್ಲರ ಬಾಯಲ್ಲೂ ಇತ್ತು. ಹೋಟೆಲಿನಲ್ಲಿ, ಬೀದಿಯಲ್ಲಿ, ಕುಡಿದು ಬಂದ ಗಂಡನ ನಾಲಗೆಯಲ್ಲಿ ಅದು ದಿನವೂ ಓಡಾಡಿಕೊಂಡಿತ್ತು. ‘ನೀನು ಥೋರ್ರಾ’ ಎಂದರೆ ಅದು ಬೈಗುಳ, ‘ಅವಳು ಥೋರ್ರಾ’ ಎಂದರೆ ಸುದ್ದಿ. ಆ ಮಂಡಳಿಯ ಕಡತದಲ್ಲಿ ಅದೇ ಮಾತು ಸಭ್ಯ ಭಾಷೆಯಲ್ಲಿ ಬರೆದರೆ ತೀರ್ಪು. ‘ನಾನು’ ಎಂಬ ಕರ್ತೃಪದ ಮಾತ್ರ ಅದಕ್ಕೆ ಯಾರೂ ಸೇರಿಸಿರಲಿಲ್ಲ. ‘ಇಷ್ಟ’ ಎಂಬ ಕ್ರಿಯೆಯಂತೂ ಊಹೆಗೂ ಮೀರಿದ್ದು. ಅದೇ ಪದವನ್ನು ಸಂಪಾದಕರು ಅಚ್ಚು ಹಾಕಿದರೆ ಸಮಾಜದ ಹಿತ, ನಾಲ್ಕು ಹುಡುಗಿಯರು ಮೈಕಿನಲ್ಲಿ ಹೇಳಿದರೆ ಅಪರಾಧ.

ಅಪರಾಧ ಎಂದದ್ದು ಅಲಂಕಾರಕ್ಕಲ್ಲ. ದೇಶದ ಪ್ರಧಾನ ಸರ್ಕಾರಿ ಅಭಿಯೋಜಕರ ಕಚೇರಿ ‘ಎಸ್ಕಾಂದಲೊ ಪುಬ್ಲಿಕೊ’, ಅಂದರೆ ಸಾರ್ವಜನಿಕ ಲಜ್ಜೆಗೆ ಧಕ್ಕೆ ಎಂಬ ಆರೋಪದ ಮೇಲೆ ದಾವೆ ಹೂಡಿತು. ನೆನಪಿಡಿ, ಇದು ಸಮಾಜವಾದಿ ಸರ್ಕಾರದ ಕಾಲ, ಮೇ 8ಕ್ಕೆ ನಗರಸಭೆಗಳ ಚುನಾವಣೆ ಬೇರೆ ಇತ್ತು. ತೇನಾ ರಾಜೀನಾಮೆ ಕೊಟ್ಟರು, ಲಯದ ಪೆಟ್ಟಿಗೆಗೆ ಬೀಗ ಬಿತ್ತು. ಮೊಕದ್ದಮೆ ಎಳೆದಾಡಿ ಕೊನೆಗೆ ಯಾರಿಗೂ ಶಿಕ್ಷೆಯಾಗದೆ ಮುಗಿಯಿತು. ಆ ಅಪರಾಧವನ್ನೇ 1988ರಲ್ಲಿ ದಂಡಸಂಹಿತೆಯಿಂದ ತೆಗೆದುಹಾಕಿದರು.

ಆದರೆ ತಂಡ ಅಷ್ಟು ದಿನ ಕಾಯುವಷ್ಟು ಗಟ್ಟಿಯಿರಲಿಲ್ಲ. ಅವರು ಒಂದು ವರ್ಷದ ಹಿಂದೆ ವಾದ್ಯ ಕೈಗೆತ್ತಿಕೊಂಡು ಒಟ್ಟಿಗೆ ಕೂತವರು. ಲೂಪೆಯ ಡ್ರಮ್ ಕೆಲವೊಮ್ಮೆ ಓಡುತ್ತದೆ, ಗಿಟಾರ್ ಅದನ್ನು ಹಿಡಿಯಲು ಹೋಗಿ ಮುಗ್ಗರಿಸುತ್ತದೆ. ಇನ್ನೂ ನಾಲ್ಕು ವರ್ಷ ಸಣ್ಣಪುಟ್ಟ ಹಾಲುಗಳಲ್ಲಿ ನುಡಿಸಿ, ಬಿದ್ದು ಎದ್ದು, ಬೇರೆ ಹಾಡು ಬರೆದು ಬೆಳೆಯಬೇಕಾಗಿದ್ದವರು. ಅಂಥವರನ್ನು ಒಂದೇ ಬೆಳಿಗ್ಗೆ ಇಡೀ ದೇಶ ನೋಡಿತು. ಆ ಮೇಲಿನ ಕೆಲವು ಕಾರ್ಯಕ್ರಮಗಳಿಗೆ ಬಂದ ಜನರಲ್ಲಿ ಸಂಗೀತ ಕೇಳಲು ಬಂದವರೆಷ್ಟು, ಟಿವಿಯಲ್ಲಿ ಕಂಡ ‘ಆ ಹುಡುಗಿಯರನ್ನು’ ನೋಡಲು ಬಂದವರೆಷ್ಟು ಎಂದು ಯೋಚಿಸಿದರೆ ಸಂಕಟವಾಗುತ್ತದೆ. ಪಂಕ್ ಇತಿಹಾಸ ಬರೆಯುವವರು ಈ ಹಗರಣವನ್ನು ಒಂದು ಗೆಲುವು ಎಂಬಂತೆ ಬಣ್ಣಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಪ್ರಸಿದ್ಧಿ ಅವರನ್ನು ನುಂಗಿತು. 1983 ಮುಗಿಯುವ ಮುನ್ನ ವುಲ್ಪೆಸ್ ಇರಲಿಲ್ಲ.

ಉಳಿದದ್ದು ಒಂದು ಸಣ್ಣ ಗ್ರಾಮಫೋನ್ ತಟ್ಟೆ. ಏಳು ಅಂಗುಲದ್ದು, ಎರಡು ಹಾಡು. ಒಂದು ಬದಿಗೆ ನರಿಯ ಹಾಡು, ಹಿಂಬದಿಗೆ ‘ಇಂಕಿಸಿಸಿಯೊನ್’, ಅಂದರೆ ಚರ್ಚಿನ ಹಳೆಯ ಧರ್ಮವಿಚಾರಣೆ. ಆ ಹೆಸರಿನಲ್ಲಿ ಕ್ಯು, ಯು ಎಂಬ ಎರಡು ಅಕ್ಷರ ಬರಬೇಕಾದ ಕಡೆ ಪಂಕರ ಪದ್ಧತಿಯಂತೆ ಒಂದೇ ಕೆ ಹಾಕಿದ್ದಾರೆ. ನನಗೆ ಇಷ್ಟವಾದದ್ದು ತಟ್ಟೆ ಹೊರತಂದ ಕಂಪನಿಯ ಹೆಸರು: ದೋಸ್ ರೊಂಬೊಸ್. ಎರಡು ವಜ್ರಾಕೃತಿ ಎಂದರ್ಥ. ಸ್ಪೇನಿನ ಸರ್ಕಾರಿ ಟಿವಿ ದೊಡ್ಡವರ ಕಾರ್ಯಕ್ರಮ ಶುರುವಾಗುವಾಗ ತೆರೆಯ ಮೂಲೆಯಲ್ಲಿ ಒಂದು ಗುರುತು ತೋರಿಸುತ್ತಿತ್ತು. ಒಂದು ವಜ್ರಾಕೃತಿ ಕಂಡರೆ ಹದಿನಾಲ್ಕು ದಾಟಿದವರಿಗೆ, ಎರಡು ಕಂಡರೆ ಹದಿನೆಂಟು ದಾಟಿದವರಿಗೆ. ಎರಡು ಕಂಡೊಡನೆ ಅಮ್ಮಂದಿರು ಮಕ್ಕಳನ್ನು ಮಲಗಲು ಅಟ್ಟುತ್ತಿದ್ದ ಕಾಲ ಅದು. ಆ ಶನಿವಾರ ತೆರೆಯ ಮೂಲೆಯಲ್ಲಿ ಇರಬೇಕಿತ್ತು ಎಂದು ಎಲ್ಲರೂ ಗೋಳಾಡಿದ ಗುರುತು ಈಗ ತಟ್ಟೆಯ ನಡುವಿನ ಚೀಟಿಯ ಮೇಲಿತ್ತು.

‘ಆಮೇಲೆ ಅವರೇನಾದರು?’ ಎಂದು ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು. ಇಪ್ಪತ್ತೆರಡು ವರ್ಷ ಬಿಟ್ಟು, 2005ರಲ್ಲಿ, ತಂಡ ಮತ್ತೆ ಕೂಡಿತು, ಮರುವರ್ಷ ಒಂದು ಆಲ್ಬಮ್ ಬಂತು. ಲೂಪೆ ಅದರಲ್ಲಿಲ್ಲ. ನಡುವಿನ ವರ್ಷಗಳಲ್ಲಿ ಅವಳು ತೀರಿಕೊಂಡಿದ್ದಳು. ಎಡದಂಡೆಯ ಆ ಪೀಳಿಗೆಯ ಎಷ್ಟೋ ತಂಡಗಳ ಕಥೆಯಲ್ಲಿ ಇಂಥ ಒಂದು ಖಾಲಿ ಜಾಗವಿದೆ. ಎಸ್ಕೊರ್ಬುತೊದ ಗಿಟಾರಿನವನೂ ಬೇಸ್‌ನವನೂ 1992ರ ಒಂದೇ ವರ್ಷದಲ್ಲಿ ಹೋದರು.

ಟಿವಿಯ ಕಥೆ ಇನ್ನೂ ವಿಚಿತ್ರ. ಹಗರಣವಾಗಿ ಒಂದೂವರೆ ವರ್ಷಕ್ಕೆ, 1984ರ ಅಕ್ಟೋಬರಿನಲ್ಲಿ, ಅದೇ ಶನಿವಾರ ಬೆಳಿಗ್ಗೆ ‘ಲಾ ಬೋಲಾ ದೆ ಕ್ರಿಸ್ತಾಲ್’ ಎಂಬ ಮಕ್ಕಳ ಕಾರ್ಯಕ್ರಮ ಶುರುವಾಯಿತು. ಅದರ ನಿರೂಪಕಿ ಅಲಾಸ್ಕಾ, ಮ್ಯಾಡ್ರಿಡ್‌ನ ಮೊದಮೊದಲ ಪಂಕ್ ತಂಡವಾದ ಕಾಕಾ ದೆ ಲುಕ್ಸೆಯಲ್ಲಿ ಗಿಟಾರ್ ಹಿಡಿದಿದ್ದ ಹುಡುಗಿ. ಅದರಲ್ಲಿದ್ದ ಬೊಂಬೆ ಮಾಟಗಾತಿ ‘ಕೇಡಿಗೆ ಜಯವಾಗಲಿ, ಬಂಡವಾಳಕ್ಕೆ ಜಯವಾಗಲಿ’ ಎಂದು ಕೂಗುತ್ತಿದ್ದಳು. ಆ ಪೀಳಿಗೆಯ ಸ್ಪ್ಯಾನಿಷ್ ಮಕ್ಕಳು ಈಗ ಐವತ್ತರ ಹೊಸ್ತಿಲಲ್ಲಿ ಅದನ್ನು ನೆನೆದು ಕಣ್ಣೊದ್ದೆ ಮಾಡಿಕೊಳ್ಳುತ್ತಾರೆ.

2024ರ ಫೆಬ್ರವರಿಯಲ್ಲಿ ಅದೇ ಸರ್ಕಾರಿ ಟಿವಿ ಯುರೋವಿಷನ್ ಎಂಬ ದೇಶದೇಶಗಳ ನಡುವಿನ ಹಾಡಿನ ಸ್ಪರ್ಧೆಗೆ ಸ್ಪೇನಿನ ಹಾಡನ್ನು ಆರಿಸಲು ಬೆನಿದೋರ್ಮ್ ಎಂಬ ಕಡಲೂರಿನಲ್ಲಿ ಸ್ಪರ್ಧೆ ನಡೆಸಿತು. ಗೆದ್ದದ್ದು ನೆಬುಲೋಸ್ಸಾ ಎಂಬ ಜೋಡಿ. ಹಾಡುವವಳಿಗೆ ಐವತ್ತು ದಾಟಿದ ವಯಸ್ಸು. ಹಾಡಿನ ಹೆಸರು, ಬೇರೇನೂ ಅಲ್ಲ, ‘ಥೋರ್ರಾ’. ಪತ್ರಿಕೆಗಳಲ್ಲಿ ಮತ್ತೆ ಗದ್ದಲ. ಈ ಸಲ ಬಲಪಂಥೀಯರ ಜೊತೆಗೆ ಕೆಲವು ಸ್ತ್ರೀವಾದಿ ಸಂಘಟನೆಗಳೂ ಬೇಡವೆಂದವು. ಪ್ರಧಾನಿ ಪೆದ್ರೊ ಸಾಂಚೆಸ್ ಹಾಡಿನ ಪರ ಮಾತಾಡಿದರು, ಬಲಪಂಥದವರಿಗೆ ಫ್ರಾಂಕೊ ಕಾಲದ ಆಳುವ ಪಕ್ಷ ಫಲಾಂಜೆಯ ಗೀತೆಯೇ ಬೇಕಿತ್ತೇನೋ ಎಂದು ಕುಟುಕಿದರು. ಮೇ ತಿಂಗಳಲ್ಲಿ ಸ್ವೀಡನ್ನಿನ ಮಾಲ್ಮೊ ನಗರದಲ್ಲಿ ಹಾಡು ಯುರೋಪಿನ ಮುಂದೆ ಬಂತು, 22ನೆಯ ಸ್ಥಾನ ಪಡೆಯಿತು. ಅಭಿಯೋಜಕರು ಯಾರೂ ಬರಲಿಲ್ಲ. ಹಾಡು ನುಣುಪಾಗಿದೆ, ಕುಣಿಯಲು ಚೆನ್ನಾಗಿದೆ. ನನ್ನನ್ನು ಕೇಳಿದರೆ ಮುಗ್ಗರಿಸುವ ಆ ಹಳೆಯ ಗಿಟಾರೇ ಸರಿ.

ಈಗ ಆ ಹಾಡನ್ನು ಹಾಕುತ್ತೇನೆ. ಸದ್ದು ಎಷ್ಟಿಡಬೇಕು ಎಂದು ಧ್ವನಿವರ್ಧಕದ ಹುಡುಗ ಕಣ್ಣಲ್ಲೇ ಕೇಳುತ್ತಿದ್ದಾನೆ. ಪೂರ್ತಿ ಇಡಪ್ಪ. ಮುಂದಿನ ಸಾಲಿನಲ್ಲಿ ಅಮ್ಮನ ಪಕ್ಕ ಇಬ್ಬರು ಚಿಕ್ಕ ಮಕ್ಕಳು ಕೂತಿರುವುದನ್ನು ನೋಡಿದ್ದೇನೆ. ಅವರಿಗೆ ಸ್ಪ್ಯಾನಿಷ್ ಬರುವುದಿಲ್ಲ, ಅಮ್ಮನಿಗೆ ಈಗ ನನ್ನ ದಯೆಯಿಂದ ಒಂದು ಪದ ಬರುತ್ತದೆ. ಮೂರು ಮೆಟ್ಟಿಲು ಇಳಿಯುವುದನ್ನು ಎಣಿಸಿಕೊಳ್ಳಿ.